ಮೈಕಿನ ಮುಂದೆ ನನ್ನ ಹೊಟ್ಟೆ

ಕಿವಿಯಪ್ಪನವರನ್ನು ನಾನು ಮೊದಲು ಕಂಡದ್ದು ದಪ್ಪ ಗಾಜಿನ ಮೂಲಕ. ಈಚೆ, ಗೋಡೆಗೆಲ್ಲ ಸ್ಪಂಜು ಮೆತ್ತಿದ ಫ್ಯಾನಿಲ್ಲದ ಪುಟ್ಟ ಕೋಣೆಯಲ್ಲಿ, ಮೈಕಿನ ಮುಂದೆ ನಾನು. ಆಚೆ, ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತ ಅವರು. ಒಪ್ಪವಾಗಿ ಬಾಚಿದ ತಲೆ, ಗುಂಡಿ ಹಾಕಿದ ತುಂಬುತೋಳಿನ ಅಂಗಿ. ಕೈಗಡಿಯಾರದ ಟಿಕ್ ಟಿಕ್ ಕೂಡ ಸಹಿಸದೆ ಅದನ್ನು ಕರ್ಚೀಫಿನಲ್ಲಿ ಸುತ್ತಿ ಮೇಜಿನ ಮೇಲಿಟ್ಟಿದ್ದರು. ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುವ ಸಂಸ್ಥೆ ಅದು. ಧ್ವನಿಮುದ್ರಣದ ಯಜಮಾನಿಕೆ ಅವರದು. ಎಲ್ಲರೂ ಕರೆಯುವುದು ಕಿವಿಯಪ್ಪ ಎಂದೇ. ಹೊಸ ಓದುಗನಾದ ನಾನು ಒಂದು ಪುಟ ಓದಿ ಮುಗಿಸಿ, ‘ಹೇಗಿತ್ತು?’ ಎಂಬಂತೆ ಎದೆಯುಬ್ಬಿಸಿ ನೋಡಿದೆ. ಅವರು ಕಣ್ಣು ತೆರೆದು, ಒಳಗಿನವರ ಜೊತೆ ಮಾತಾಡುವ ಗುಂಡಿ ಒತ್ತಿ ಕೇಳಿದರು:

“ಒಳಗೆ ನಿಮ್ಮ ಜೊತೆ ಇನ್ನೊಬ್ಬರು ಯಾರು?”

“ಯಾರೂ ಇಲ್ಲ ಸಾರ್.”

“ಇದಾರೆ. ಯಾರೋ ಕಬ್ಬಿಣದ ಬೀರು ಎಳೀತಿದಾರೆ.”

ಬೀರು ಎಳೆಯುತ್ತಿದ್ದುದು ನನ್ನ ಹೊಟ್ಟೆ!

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಜೀವಿ ನಾನು. ಓದು ಬಾರದ ಅಪ್ಪನಿಗೆ ಹೊಲದ ಬದುವಿನ ಮೇಲೆ ಕೂತು ದಿನಪತ್ರಿಕೆ ಓದಿ ಹೇಳಿ ಪಳಗಿದ ಗಂಟಲು ನನ್ನದು. ಆದರೆ ಹಾಸ್ಟೆಲ್ಲು ಪದವಿಯ ಜೊತೆಗೆ ಈ ಹೊಟ್ಟೆಯನ್ನೂ ದಯಪಾಲಿಸಿತ್ತು. ಒಂದು ದಿನ ಬಿಗಿ, ಮರುದಿನ ಸಡಿಲ, ಉಬ್ಬರ ಮಾತ್ರ ನಿತ್ಯದ ಅತಿಥಿ!

“ಮುಂದಿನ ವಾರ ಸಂಸ್ಥೆ ನಡೆಸೋ ಮೇಡಂ ಬಂದು ನಿಮ್ಮ ಓದು ಕೇಳ್ತಾರೆ,” ಎಂದರು ಕಿವಿಯಪ್ಪ. “ಅವರು ಹೂಂ ಅಂದ್ರೆ ಕೆಲಸ ಖಾಯಂ. ಇಲ್ಲಾಂದ್ರೆ ನಮಸ್ಕಾರ. ಬೀರು ಮಾತ್ರ ಅಲ್ಲಾಡಬಾರದು.”

ಮನೆಗೆ ಬಂದವನೇ ಹೆಂಡತಿಯ ಮುಂದೆ ಘೋಷಿಸಿದೆ: “ಕೇಳಿಸ್ಕೊಳ್ಳೇ! ಒಂದೇ ವಾರದಲ್ಲಿ ಈ ಹೊಟ್ಟೇನ ಬಾಯಿ ಮುಚ್ಚಿಸ್ತೀನಿ. ಪರೀಕ್ಷೇಲಿ ಫೇಲಾಗೋ ಜಾತಿಯಲ್ಲ ನಾನು!”

“ಪರೀಕ್ಷೆ ಇರೋದು ಹೊಟ್ಟೆಗೆ. ಅದು ಯಾವ ಕಾಲೇಜಿಗೂ ಹೋಗಿಲ್ಲ. ಮೊದಲು ಡಾಕ್ಟರ ಹತ್ರ ನಡೀರಿ.”

ಡಾಕ್ಟರು ಸಮಾಧಾನದಿಂದಲೇ ಹೇಳಿದರು. ಹೊತ್ತಿಗೆ ಸರಿಯಾಗಿ, ಸ್ವಲ್ಪ ಸ್ವಲ್ಪ ಉಣ್ಣಬೇಕು. ಹಾಲನ್ನು ಸದ್ಯಕ್ಕೆ ಬಿಟ್ಟು ನೋಡಬೇಕು. ನಾರಿನಂಶ ಹೆಚ್ಚಿಸಬೇಕು, ಆದರೆ ನಿಧಾನವಾಗಿ. “ಇದು ಒಂದು ವಾರದ ಕೆಲಸ ಅಲ್ಲ. ಇದರ ಜೊತೆ ಬದುಕೋದು ಕಲೀಬೇಕು,” ಎಂದರು.

ಬದುಕುವುದೆಲ್ಲ ಆಮೇಲೆ, ಮೊದಲು ಕೆಲಸ ಖಾಯಂ ಆಗಲಿ! ಒಳಗೆ ಸರಕೇ ಇಲ್ಲದಿದ್ದರೆ ಸದ್ದು ಎಲ್ಲಿಂದ ಬರಬೇಕು? ಈ ಮಹಾಸಿದ್ಧಾಂತ ಹಿಡಿದು ಉಪವಾಸ ಕುಳಿತೆ. ಸಂಜೆಯ ವೇಳೆಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು: “ಏನ್ ಸಾರ್, ಮನೆ ಖಾಲಿ ಮಾಡ್ತಿದೀರಾ? ಸಾಮಾನು ಎಳೆಯೋ ಸದ್ದು ಬರ್ತಿದೆ!”

ಉಪವಾಸ ಕೈಕೊಟ್ಟಿತು. ಅಷ್ಟರಲ್ಲಿ ವಾರವೂ ಮುಗಿಯುತ್ತ ಬಂದಿತ್ತು. ಉಳಿದದ್ದು ನಾರು. ಪಾಠ ಬಾಕಿ ಬಿದ್ದರೆ ಒಂದೇ ಪಟ್ಟಿಗೆ ಕೂತು ಮುಗಿಸಿ ಅಭ್ಯಾಸವಿದ್ದವನು ನಾನು. ಒಂದು ತಿಂಗಳ ನಾರನ್ನು ಒಂದೇ ಊಟದಲ್ಲಿ ಮುಗಿಸಲು ಕುಳಿತೆ. ಹಸಿ ಎಲೆಕೋಸು, ಬೇಯಿಸಿದ ಕಾಳು, ಗೋಧಿ ತೌಡು!

“ರೀ, ಡಾಕ್ಟರು ನಿಧಾನ ಅಂದಿದ್ರು.”

“ಅದೆಲ್ಲ ಸಾಮಾನ್ಯ ರೋಗಿಗಳಿಗೆ ಕಣೇ!”

“ನೀವು ಅಸಾಮಾನ್ಯರು ಅಂತ ನಾಳೆ ಮೇಡಂ ಕಿವಿಗೂ ಬೀಳುತ್ತೆ ಬಿಡಿ.”

ಮರುದಿನ ಗಾಜಿನ ಆಚೆ ಕಿವಿಯಪ್ಪನವರ ಪಕ್ಕದಲ್ಲಿ ಮೇಡಂ. ಅವರ ಕಿವಿಗೂ ಹೆಡ್‌ಫೋನ್. ನನ್ನ ಹೊಟ್ಟೆಯಲ್ಲಿ ಮಹಾಯುದ್ಧದ ಸಿದ್ಧತೆ. ಹಾಳಾದ್ದು, ಕೊಟ್ಟ ಪುಟವಾದರೂ ಎಂಥದು! ಮುದುಕನೊಬ್ಬ ಪ್ರಾಣ ಬಿಡುವ ದೃಶ್ಯ. ಪುಟದ ತುಂಬ ಮೌನ.

ಕುರ್ಚಿಯ ದಿಂಬನ್ನು ಹೊಟ್ಟೆಗೆ ಅವುಚಿಕೊಂಡೆ. ಹೊಟ್ಟೆಗೆ ಸಂದು ಸಿಗದಂತೆ ವಾಕ್ಯಕ್ಕೆ ವಾಕ್ಯ ಅಂಟಿಸಿ ಓದತೊಡಗಿದೆ. ಕಿವಿಯಪ್ಪ ಕೈಯೆತ್ತಿ ‘ನಿಧಾನ’ ಎಂದು ಸನ್ನೆ ಮಾಡಿದರು. ಈ ಲೋಕದಲ್ಲಿ ಎಲ್ಲರಿಗೂ ನಿಧಾನವೇ ಬೇಕು! ನಿಧಾನಿಸಿದೆ. “ಮನೆಯಲ್ಲಿ ಉಸಿರೂ ಕೇಳಿಸುವಷ್ಟು ಮೌನ. ಮುದುಕ ಮಗನ ಕಡೆ ತಿರುಗಿ, ಏನನ್ನೋ ಹೇಳಲು ಬಾಯಿ ತೆರೆದ...”

ಆಗ ಬಂತು! ಗುಳ್ ಗುಳ್ ಎಂದು ಆರಂಭವಾಗಿ, ಕೊರ್ರ್ ಎಂದು ಏರಿ, ‘ಊಂ’ ಎಂದು ಕ್ಷೀಣವಾಗಿ ಎಳೆದು ನಿಂತಿತು.

ನನ್ನ ಕೆಲಸ ಹೋಯಿತು! ಅಪ್ಪನಿಗೆ ಹೇಗೆ ಮುಖ ತೋರಿಸಲಿ? ಮೆಲ್ಲನೆ ತಲೆಯೆತ್ತಿದೆ. ಮೇಡಂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು!

“ಎಂಥ ನರಳಿಕೆ!” ಅವರ ದನಿ ಗದ್ಗದಿತವಾಗಿತ್ತು. “ನಮ್ಮ ತಂದೆ ಹೋಗುವಾಗ ಹೀಗೇ... ಇನ್ನೊಂದ್ಸಲ ಮಾಡಿ. ಸ್ವಲ್ಪ ಮೈಕಿಗೆ ಹತ್ತಿರ.”

ಕಿವಿಯಪ್ಪ ಮಾತ್ರ ಚಾವಣಿ ನೋಡುತ್ತಿದ್ದರು.

ಮುದುಕನಿಂದ ಮತ್ತೆ ಬಾಯಿ ತೆರೆಸಿದೆ. ಹೊಟ್ಟೆ ಮೌನ. ದಿಂಬು ಎಸೆದೆ. ಮೌನ. ನೀರು ಕುಡಿದೆ, ಬಗ್ಗಿದೆ, ಎದ್ದೆ. ವಾರವಿಡೀ ಬೇಡಿಕೊಂಡಿದ್ದ ಮೌನವನ್ನು ಆ ಪಾಪಿ ಹೊಟ್ಟೆ ಈಗ ಧಾರಾಳವಾಗಿ ಸುರಿಯುತ್ತಿತ್ತು! ಕೊನೆಗೆ ಗಂಟಲಿನಿಂದಲೇ ನರಳಿದೆ.

“ಊಹೂಂ,” ಎಂದರು ಮೇಡಂ. “ಇದು ನಾಟಕ. ಮೊದಲನೇದು ಒಳಗಿನಿಂದ ಬಂದಿತ್ತು.”

“ಒಳಗಿನಿಂದಲೇ ಮೇಡಂ,” ಬೇರೆ ದಾರಿಯಿಲ್ಲದೆ ಒಪ್ಪಿಕೊಂಡೆ. “ಅದು ಹೊಟ್ಟೆ. ಎಲೆಕೋಸು.”

ಗಾಜಿನ ಆಚೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಮೇಡಂ ಹೆಡ್‌ಫೋನ್ ತೆಗೆದು ನಗತೊಡಗಿದರು. ನಕ್ಕು ನಕ್ಕು ಮತ್ತೆ ಸೆರಗು ಕಣ್ಣಿಗೆ ಹೋಯಿತು.

“ಇವರನ್ನ ಖಾಯಂ ಮಾಡಿಕೊಳ್ಳಿ,” ಎಂದರು ಕಿವಿಯಪ್ಪನವರಿಗೆ. “ಓದು ಪರವಾಗಿಲ್ಲ, ಕಲಿಸಿದರೆ ಬರುತ್ತೆ. ಹೊಟ್ಟೆಗೆ ಮಾತ್ರ ಕಲಿಸೋದು ಏನೂ ಇಲ್ಲ.”

ಸುದ್ದಿ ಕೇಳಿ ಹೆಂಡತಿ ಎಲೆಕೋಸನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದಳು. ಊಟ ಈಗ ಹೊತ್ತಿಗೆ ಸರಿಯಾಗಿ, ಸ್ವಲ್ಪ ಸ್ವಲ್ಪ. ಹೊಟ್ಟೆ ಎಷ್ಟೋ ವಾಸಿ. ಆದರೂ ಅದು ಮುನಿಸಿಕೊಳ್ಳುವ ದಿನಗಳು ಇದ್ದೇ ಇವೆ.

ಕಿವಿಯಪ್ಪನವರು ಈಗ ಪ್ರತಿದಿನ ಬೆಳಿಗ್ಗೆ ನನ್ನ ಹೆಂಡತಿಗೆ ಫೋನ್ ಮಾಡಿ, “ಇವತ್ತು ಏನು ತಿಂದ್ರಮ್ಮಾ ಅವರು?” ಎಂದು ಕೇಳಿಕೊಂಡು, ಆಮೇಲೆಯೇ ನನಗೆ ಓದಲು ಪುಟ ಆರಿಸುತ್ತಾರೆ.