ಕೈ ತೊಳೆದಿರಲಿಲ್ಲ

ಕಾರವಾರದಿಂದ ಸಕ್ಕರೆ ನೋಡುವ ಮಶೀನು ತಂದ ದಿನದಿಂದ ಅಂಕೋಲೆಯ ನಮ್ಮ ಮನೆಯಲ್ಲಿ ನಗುವಿಗೆ ಬರವಿರಲಿಲ್ಲ. ಸಕ್ಕರೆ ಕಾಯಿಲೆ ನನ್ನ ತಾಯಿಗೆ, ಅಂದರೆ ಆಯಿಗೆ; ಮಶೀನಿನ ಅಧಿಕಾರ ನನಗೆ. ಕೈಗಾದ ಕೆಲಸಕ್ಕೆ ಬಸ್ಸು ಹಿಡಿಯಲು ಹೊರಡುವ ಮೊದಲು ಅವಳ ಬೆರಳಿಗೆ ಸೂಜಿ ಚುಚ್ಚಿ, ಬಂದ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದು ಹೋಗುತ್ತಿದ್ದೆ. ಆ ದಿನಗಳನ್ನು ನೆನೆದರೆ ಈಗಲೂ ಒಬ್ಬನೇ ನಗುತ್ತೇನೆ.

೧. ಉಪವಾಸ

"ಆಯಿ, ನಾಳೆ ಬೆಳಿಗ್ಗೆ ಉಪವಾಸದಲ್ಲಿ ನೋಡಬೇಕು" ಎಂದು ಮೊದಲ ದಿನವೇ ಹೇಳಿದ್ದೆ. ಬೆಳಿಗ್ಗೆ ಅಂಕಿ ನೋಡಿ ನನಗೇ ತಲೆ ತಿರುಗಿತು.

"ಉಪವಾಸ ಇರು ಅಂದಿದ್ದೆನಲ್ಲ?"

"ಇದ್ನಲ್ಲಾ. ಗಂಜಿ ಮುಟ್ಟಲಿಲ್ಲ. ಏಕಾದಶಿಗೆ ತಿಂದಂಗೆ ನಾಕು ಬಾಳೆಹಣ್ಣು, ಬೆಲ್ಲ ಹಾಕಿದ ಸಾಬಕ್ಕಿ ಪಾಯಸ, ಅಷ್ಟೇ. ದೇವ್ರಿಗೇ ನಡೀತದೆ, ನಿನ್ನ ಮಶೀನಿಗೆ ನಡೂದಿಲ್ವಾ?"

೨. ಹಾಳಾಗಬಾರದ ರಕ್ತ

ಮನೆಗೆ ಬುಟ್ಟಿ ಹೊತ್ತು ಬರುವ ಮೀನು ಮಾರುವಾಕೆ ಆಯಿಯ ಗೆಳತಿ. ನಾನು ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ ಎಂದೇ ಕರೆಯುತ್ತಿದ್ದೆ. ಅವಳಿಗೂ ಸಕ್ಕರೆ ನೋಡಿಸಿಕೊಳ್ಳುವ ಆಸೆ, ಆದರೆ ಸೂಜಿ ಕಂಡರೆ ಆಗದು. ದಿನಾ ಸಿಗಡಿ ಕೊಂಬು ಚುಚ್ಚಿಸಿಕೊಳ್ಳುವವಳು ನೀನು ಎಂದರೆ, "ಅದು ಬೇರೆ" ಎನ್ನುತ್ತಿದ್ದಳು.

ಒಂದು ದಿನ ನಮಗೇ ಬಂಗಡೆ ಕೊಯ್ದು ಕೊಡುವಾಗ ಅವಳಿಗೆ ಕತ್ತಿ ತಾಗಿತು. ಬೆರಳು ಮೇಲೆತ್ತಿಕೊಂಡು ಓಡಿ ಬಂದಳು.

"ತಮಾ, ಬೇಗ ಮಶೀನ್ ತಾ! ರಕ್ತ ತಂತಾನೇ ಬಂದದೆ, ಹಾಳು ಮಾಡೂದು ಎಂತಕೆ?"

"ಇದ್ರಲ್ಲಿ ನಿಂದ್ಯಾವುದು ಮಾವಶಿ, ಬಂಗಡೆದ್ಯಾವುದು?"

"ಯಾರದಾದ್ರೂ ನೋಡು. ಇಬ್ರೂ ಬೆಳಗಿಂದ ಚಾ ಕುಡೀಲಿಲ್ಲ."

೩. ಮೂರನೆಯ ಹೋಳು

ಹಿತ್ತಲಲ್ಲಿ ಕರಿ ಇಶಾಡ ಮಾವು ಹಣ್ಣಾಗುವ ಕಾಲ. ಆಯಿಗೆ ಆ ಹಣ್ಣೆಂದರೆ ಪ್ರಾಣ. ವಾರವಿಡೀ ಅಂಕಿ ಏರದಿದ್ದರೆ ರವಿವಾರ ಎರಡು ಹೋಳು ತಿನ್ನಬಹುದು ಎಂದು ಡಾಕ್ಟರರು ಒಪ್ಪಿದ್ದರು. ಆರು ದಿನ ಅವಳು ಹಣ್ಣಿನತ್ತ ತಿರುಗಿಯೂ ನೋಡಲಿಲ್ಲ. ರವಿವಾರ ಬೆಳಿಗ್ಗೆ ಮಶೀನು ಮುನ್ನೂರ ಹತ್ತು ತೋರಿಸಿತು.

"ತಿಂದೆ ಅಲ್ವಾ?"

"ಇಲ್ಲ ಮಗಾ. ಈಗಷ್ಟೇ ನಿನ್ನ ಮಕ್ಕಳಿಗೆ ಸುಲಿದು ಕೊಟ್ಟೆ. ನಾನು ಬಾಯಿಗೆ ಹಾಕಲಿಲ್ಲ."

"ಮಶೀನು ಸುಳ್ಳು ಹೇಳೂದಿಲ್ಲ ಆಯಿ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಜಗಲಿಯಲ್ಲಿ ಬುಟ್ಟಿ ಇಳಿಸುತ್ತಿದ್ದ ಮಾವಶಿ ಅಲ್ಲಿಂದಲೇ ಕೇಳಿದಳು, "ಹಣ್ಣು ಸುಲಿದ ಕೈ ತೊಳದ್ಯೇನೇ?"

ತೊಳೆದಿರಲಿಲ್ಲ. ಬೆರಳಿಗಂಟಿದ ರಸದ ಸಿಹಿಯೂ ಲೆಕ್ಕಕ್ಕೆ ಬಂದಿತ್ತು. ಸಾಬೂನು ಹಚ್ಚಿ ತೊಳೆಸಿ ಮತ್ತೆ ಚುಚ್ಚಿದರೆ ನೂರ ಇಪ್ಪತ್ತು! ಮಶೀನಿನ ಜೊತೆ ಬಂದ ಪುಸ್ತಕದ ಮೊದಲ ಪುಟದಲ್ಲೇ ಇದು ಇತ್ತಂತೆ, ಅಧಿಕಾರಿಗಳಾದ ನಾವು ಓದಿರಲಿಲ್ಲ. ನಾಚಿಕೆಯಿಂದ ನಾನೇ ಎರಡು ಹೋಳು ತಟ್ಟೆಯಲ್ಲಿಟ್ಟು ಕೊಟ್ಟೆ.

"ಮೂರು ಇಡು" ಎಂದಳು ಆಯಿ, "ಒಂದು ನನ್ನ ಸುಳ್ಳಿ ಅಂದಿದ್ದಕ್ಕೆ."

ಅಂದಿನಿಂದ ಅಂಕಿ ಏರಿದಾಗಲೆಲ್ಲ ಅವಳದು ಒಂದೇ ಉತ್ತರ: "ಕೈ ತೊಳದಿರಲಿಲ್ಲ."

೪. ನನ್ನ ಸರದಿ

ಆಯಿ ಹೋಗಿ ಮೂರು ಮಳೆಗಾಲ ಕಳೆಯಿತು. ಇಶಾಡ ಹಣ್ಣಾದಾಗ ಅವಳ ನೆನಪು ಬಹಳ ಕಾಡುತ್ತದೆ. ಅವಳ ಕಾಯಿಲೆ, ಅವಳ ಮಶೀನು ಎರಡೂ ಈಗ ನನಗೇ ಬಂದಿವೆ. ಅಧಿಕಾರ ಮಾತ್ರ ಹೆಂಡತಿಯ ಕೈಗೆ ಹೋಗಿದೆ.

ಈ ವರ್ಷವೂ ಇಶಾಡ ಹಣ್ಣಾಗಿದೆ. ಮೊನ್ನೆ ಇನ್ನೂರ ಎಂಬತ್ತು ಬಂತು. ಹೆಂಡತಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ನಾನು ಥೇಟ್ ಆಯಿಯ ದನಿಯಲ್ಲೇ ಹೇಳಿದೆ, "ಕೈ ತೊಳದಿರಲಿಲ್ಲ."

"ಹೌದು," ಎಂದಳು, "ಮೀಸೆನೂ ತೊಳದಿಲ್ಲ."