ದಾನವ್ವ ಯಾವ ಪುಟದಲ್ಲಿದ್ದಾಳೆ?

ಮಧುಕರ್ ಕಾದಂಬರಿಯನ್ನು ಊಟದ ಮೇಜಿನ ಮೇಲೆ ಕುಕ್ಕಿದ. ಸಾರಿನ ಪಾತ್ರೆ ನಡುಗಿತು.

“ಮೋಸ ಕಣೇ! ಇಡೀ ಪುಸ್ತಕದಲ್ಲಿ ದಾನವ್ವ ಇಲ್ವೇ ಇಲ್ಲ!”

ಹೆಂಡತಿ ನವ್ಯಾಗೆ ಆಶ್ಚರ್ಯವಾದದ್ದು ದಾನವ್ವ ಇಲ್ಲದ್ದಕ್ಕಲ್ಲ. ಗಂಡ ಪುಸ್ತಕವೊಂದನ್ನು ಕೊನೆಯವರೆಗೆ ಓದಿದ್ದಕ್ಕೆ.

ಹಾಗೆಂದು ಬೇ ಏರಿಯಾದ ಕನ್ನಡ ಓದುಗರ ಕೂಟದಲ್ಲಿ ಮಧುಕರ್ ಸಾಮಾನ್ಯನಲ್ಲ. ‘ಮೊದಲರ್ಧ ಎಳೆದಾಟ, ನಾಯಕ ಸಪ್ಪೆ’ ಎಂದು ಅವನು ತೀರ್ಪಿತ್ತರೆ ಮೇಲ್ಮನವಿಯಿರಲಿಲ್ಲ. ಒಳಗುಟ್ಟು ಇಷ್ಟೇ: ಮಿಲ್ಪಿಟಾಸಿನಿಂದ ಪ್ಲೆಸೆಂಟನ್ನಿನ ಆಫೀಸಿಗೆ ಅವನು ಕಾರು ಓಡಿಸುತ್ತಿದ್ದ, ಪಕ್ಕದಲ್ಲಿ ಕೂತ ಗೆಳೆಯ ಶಿವಪ್ರಸಾದ ತಾನು ಓದಿದ್ದನ್ನು ಕತೆಮಾಡಿ ಹೇಳುತ್ತಿದ್ದ. (ಎಳೆದಾಟವೆನಿಸಿದ ಮೊದಲರ್ಧಗಳೆಲ್ಲ ಟ್ರಾಫಿಕ್ಕಿನಲ್ಲಿ ಕೇಳಿದವು.) ಕತೆಯ ರಭಸಕ್ಕೆ ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ತಪ್ಪುವುದೂ ಇತ್ತು. ಆದರೇನು, ಇಬ್ಬರಿದ್ದರೆ ವೇಗದ ಕಾರ್‌ಪೂಲ್ ಲೇನು ಸಿಗುತ್ತದೆ. ಒಬ್ಬ ಓದಿದರೆ ಇಬ್ಬರಿಗೂ ಪಾಂಡಿತ್ಯ ಸಿಗುತ್ತದೆ.

ಈ ಸಲದ ಕಾದಂಬರಿ ಕೋಟೆಯ ಮುತ್ತಿಗೆಯದು. ಶಿವಪ್ರಸಾದ ಹೇಳಿದಂತೆ ಅದರಲ್ಲಿ ಸೇನಾಪತಿಯನ್ನೇ ಗದರುವ ಅಡುಗೆಯವಳು ದಾನವ್ವ. ಸೊಂಟದ ಚೀಲದಲ್ಲಿ ಸದಾ ಶೇಂಗಾ ಚಟ್ನಿಪುಡಿ. ಶತ್ರುಗಳು ನುಗ್ಗುತ್ತಿದ್ದಾರೆ, ಗುಪ್ತದ್ವಾರದ ಕೀಲಿಕೈ ಎಲ್ಲಿಟ್ಟೆನೆಂದು ಅವಳಿಗೆ ನೆನಪಾಗುತ್ತಿಲ್ಲ. ಅಷ್ಟರಲ್ಲಿ ಆಫೀಸು ಬಂತು. “ಉಳಿದದ್ದು ಸೋಮವಾರ,” ಎಂದು ಇಳಿದುಹೋದ ಶಿವಪ್ರಸಾದ, ಭಾನುವಾರ ಹೃದಯಾಘಾತದಿಂದ ತೀರಿಕೊಂಡ.

ಮಧುಕರ್ ಅತ್ತ. ಆಮೇಲೆ ಒಬ್ಬನೇ ಬಲಗಡೆಯ ನಿಧಾನದ ಲೇನಿನಲ್ಲಿ ತೆವಳುತ್ತ, ಆ ಕೀಲಿಕೈ ಎಲ್ಲಿತ್ತೆಂದು ದಿನವೂ ಯೋಚಿಸಿದ. ತಡೆಯಲಾರದೆ ಪುಸ್ತಕ ತರಿಸಿ ಓದಿದರೆ ದಾನವ್ವನೇ ನಾಪತ್ತೆ!

ಸ್ಯಾನ್ ರಮೋನಿನ ದೇವೇಂದ್ರಪ್ಪನವರ ಮನೆಯಲ್ಲಿ ಕೂಟ ಸೇರಿತು. ಶಿವಪ್ರಸಾದನ ಹೆಂಡತಿ ಶಿವಾನಿ, ಅವನು ಹೋದ ಮೇಲೆ ಮೊದಲ ಸಲ ಬಂದು ಮೂಲೆಯಲ್ಲಿ ಕೂತಿದ್ದಳು. ಮಧುಕರ್ ಗುಡುಗಿದ:

“ಮುದ್ರಕರು ಪುಟಗಳನ್ನೇ ನುಂಗಿದಾರೆ! ದಾನವ್ವ ಎಲ್ಲಿ?”

“ಅದ್ಯಾವ ಪಾತ್ರ?” ಎಂದರು ದೇವೇಂದ್ರಪ್ಪ.

“ಶುದ್ಧ ಜಗಳಗಂಟಿ ಸಾರ್! ಇಟ್ಟ ವಸ್ತು ನೆನಪಿರಲ್ಲ. ಗಂಡ ಬಾಯಿ ತೆಗೆದ್ರೆ ‘ಮೊದಲ ಉಣ್ರಿ, ಆಮ್ಯಾಲ ಪುರಾಣ ಹೇಳ್ರಿ’ ಅಂತಾಳೆ. ಮದುವೆ ಮನೇಲೂ ಚಟ್ನಿಪುಡಿ ಡಬ್ಬಿ ತೆಗೀತಾಳೆ!”

ಇಡೀ ಸಭೆ ಮೂಲೆಯತ್ತ ತಿರುಗಿತು. ಉಪ್ಪಿಟ್ಟಿನ ಮೇಲೆ ಚಟ್ನಿಪುಡಿ ಉದುರಿಸುತ್ತಿದ್ದ ಶಿವಾನಿಯ ಕೈ ಗಾಳಿಯಲ್ಲೇ ನಿಂತಿತ್ತು.

“ಕೂತ್ಕೊಳ್ರೀ,” ನವ್ಯಾ ಗಂಡನ ಅಂಗಿ ಜಗ್ಗಿದಳು.

ಶಿವಾನಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಸ್ವಲ್ಪ ಹೊತ್ತು ತಿಳಿಯಲಿಲ್ಲ. ಕೊನೆಗೆ ನಗುವೇ ಗೆದ್ದಿತು.

“ಕೀಲಿಕೈ ಶೇಂಗಾ ಡಬ್ಬ್ಯಾಗಿತ್ರೀ ಅಣ್ಣಾರ. ನಮ್ಮ ಕಾರಿಂದು. ಅವರು ಹೋದ ಮ್ಯಾಲ ಸಿಕ್ತು.”

ಅಬ್ಬ, ಕತೆ ಮುಗಿಯಿತು ಎಂದು ಮಧುಕರ್ ಕಣ್ಣೊರೆಸಿಕೊಂಡ. ಮುಗಿದಿರಲಿಲ್ಲ.

“ಮನ್ಯಾಗ ನನಗ ಹೇಳೂ ಕತ್ಯಾಗ ದಾನವ್ವ ಇರ್ಲಿಲ್ರೀ, ಒಬ್ಬ ಮಾವುತ ಇದ್ದ. ರಣರಂಗ ಕಣ್ಣಲೆ ಕಂಡಾಂವಲ್ಲ, ಆದ್ರ ‘ಯುದ್ಧ ಭಾಳ ಎಳದ್ರು, ರಾಜಾ ಸಪ್ಪಗಿದ್ದ’ ಅಂತ ಊರ ತುಂಬ ಹೇಳಾಂವ. ಕತಿ ಕೇಳ್ಕೋತ ಆನಿ ದಾರಿ ತಪ್ಪಸಾಂವ.”

ಈ ಸಲ ಸಭೆ ಮಧುಕರನತ್ತ ತಿರುಗಿತು.

“ಆ ಪಾತ್ರ ಅನಗತ್ಯ,” ಎಂದ ಅವನು, ಕ್ಷೀಣ ಸ್ವರದಲ್ಲಿ.

“ನಂಬೋ ಹಾಗಿರೋದು ಅದೊಂದೇ,” ಎಂದಳು ನವ್ಯಾ.

ನಗು ಅಡಗಿದ ಮೇಲೆ ಮಧುಕರ್ ಮೆಲ್ಲಗೆ ಕೇಳಿದ, “ಕೊನೆಗೆ ಮಾವುತ ಏನಾದ?”

“ಗೊತ್ತಿಲ್ರೀ. ಕತಿ ಹೇಳಾಂವ ನಡುವ ಇಳದು ಹ್ವಾದ. ಮಾವುತ ಆನಿ ನಿಲ್ಲಿಸ್ಕೊಂಡು ಅಲ್ಲೇ ಕುಂತಿರಬೇಕು.”

“ನಿಂತಿಲ್ಲ,” ಎಂದ ಮಧುಕರ್. “ಬಲಗಡೆ ಲೇನಲ್ಲಿ ಹೋಗ್ತಾ ಇದಾನೆ. ನಿಧಾನಕ್ಕೆ.”

“ಈಗ್ಲೂ ಎಕ್ಸಿಟ್ ತಪ್ಪಿಸ್ಕೊಂಡು,” ಎಂದಳು ನವ್ಯಾ.