ತುಂಬಲಾರದ ಡಿಸ್ಕು

"ಡಿಸ್ಕು ತುಂಬಿಹೋಯ್ತು" ಎಂಬ ಒಂದೇ ಮಾತಿನ ಮೇಲೆ ಕತ್ತರಿ ಹನ್ನೊಂದು ವರ್ಷ ಸುಖವಾಗಿ ಬದುಕಿದ್ದ. ಆ ಮಾತಿನ ಕತ್ತು ಹಿಸುಕಿದವನು ಹೊರಗಿನವನಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದ. ಹಿಸುಕಿದವನು ಹೆಂಡತಿಯ ಸ್ವಂತ ತಮ್ಮ.

ಕತ್ತರಿ ಎಂಬುದು ಅಡ್ಡಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಅರ್ಧ ಮರೆತಿತ್ತು. ಆರು ಮನೆಗಳ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು, ಮದುವೆ, ಹುಟ್ಟುಹಬ್ಬ, ಬೀಳ್ಕೊಡುಗೆಗಳ ವಿಡಿಯೋದಲ್ಲಿ ಬೇಡದ್ದನ್ನು ಕತ್ತರಿಸಿ, ಉಳಿದದ್ದನ್ನು ಡಿಸ್ಕಿಗೆ ಹಾಕಿಕೊಡುವುದು ಅವನ ಕಸುಬು. ಹಳೆಯ ಡಿಸ್ಕಿನಲ್ಲಿ ಎರಡು ಗಂಟೆಯ ಚಿತ್ರ ಹಿಡಿಯುತ್ತಿತ್ತು. ಕತ್ತರಿ ಒಂದು ಗಂಟೆಯದ್ದು ಮಾಡಿಕೊಡುತ್ತಿದ್ದ. ನನ್ನ ಭಾಷಣ ಎಲ್ಲಿ, ನನ್ನ ಹಾಡು ಎಲ್ಲಿ ಎಂದು ಯಾರಾದರೂ ಬಂದರೆ ಮುಖ ಸಣ್ಣಗೆ ಮಾಡಿಕೊಂಡು, "ನಿಮ್ಮದು ಹಾಕೋಷ್ಟರಲ್ಲಿ ಡಿಸ್ಕು ತುಂಬಿಹೋಯ್ತು, ನಂಗೇ ಅಳು ಬಂತು" ಎನ್ನುತ್ತಿದ್ದ. ಬಂದವರು ಡಿಸ್ಕನ್ನು ಬೈದುಕೊಂಡು ಹೋಗುತ್ತಿದ್ದರು. ಡಿಸ್ಕು ಪಾಪ, ತಿರುಗಿ ಬೈಯುತ್ತಿರಲಿಲ್ಲ.

ಹಿಂದಿನ ಭಾನುವಾರ ಕಟ್ಟಡಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಮಾರಂಭ ಭರ್ಜರಿಯಾಗಿ ನಡೆದಿತ್ತು. ಅದರ ವಿಡಿಯೋವನ್ನು ಈ ಭಾನುವಾರ ಮಧ್ಯಾಹ್ನ ಮೂರಕ್ಕೆ ಕಾರ್ಯದರ್ಶಿಗಳ ಮನೆಯ ಹಜಾರದಲ್ಲಿ ತೋರಿಸಬೇಕಿತ್ತು. ತೋರಿಸಿದ ಮೇಲೆ ಆರು ಮನೆಯವರೂ ಕೈ ಎತ್ತಿ ಒಂದು ವಿಷಯ ತೀರ್ಮಾನಿಸಬೇಕಿತ್ತು. ಮೆಟ್ಟಿಲ ಕೆಳಗಿನ ಕೋಣೆ ಕತ್ತರಿಗೇ ಇರಬೇಕೋ, ಇಲ್ಲ ಕಾರ್ಯದರ್ಶಿಗಳ ಷಡ್ಡಕನ ಕೇಕಿನ ಅಂಗಡಿಗೆ ಹೋಗಬೇಕೋ? ಕತ್ತರಿಗೆ ನಾಲ್ಕು ಕೈ ಬೇಕಿತ್ತು. "ಆ ರೂಮ್ ಹೋದ್ರೆ ನಿಮ್ಮ ಲೈಟು, ಸ್ಟ್ಯಾಂಡು, ವೈರಿನ ಗಂಟು ಎಲ್ಲಿಡ್ತೀರಿ? ನನ್ನ ಮಂಚದ ಕೆಳಗೆ ಮಾತ್ರ ಬೇಡ" ಎಂದು ಹೆಂಡತಿ ಬೆಳಿಗ್ಗೆಯೇ ಎಚ್ಚರಿಕೆ ಕೊಟ್ಟು ಕಳಿಸಿದ್ದಳು.

ಒಂಬತ್ತು ಗಂಟೆಗೆ ಭಾಮೈದ ಬಂದ. ಅವನು ಟೀವಿ, ರೇಡಿಯೋ ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ದಿನವಿಡೀ ಗಿರಾಕಿಗಳಿಗೆ ಕೂಗಿ ಹೇಳಿ ಹೇಳಿ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಬಗಲಲ್ಲಿ ಡಿಸ್ಕಿಗೆ ಬರೆಯಲೂ ಬರುವ ಒಂದು ಹೊಸ ಪ್ಲೇಯರು, ಕೈಯಲ್ಲಿ ಮಿರಮಿರ ಮಿಂಚುವ ಒಂದು ಡಿಸ್ಕು.

"ಭಾವಾ! ಹಳೇದ್ರಲ್ಲಿ ಕೆಂಪು ಲೇಸರು, ಗೋಡೆ ಮೇಲೆ ಬಣ್ಣದಲ್ಲಿ ಬರೆದ ಹಾಗೆ ದಪ್ಪ ದಪ್ಪ. ಇದ್ರಲ್ಲಿ ನೀಲಿ ಲೇಸರು, ಸೂಜಿ ಮೊನೇಲಿ ಬರೆದ ಹಾಗೆ. ಸಾಲದ್ದಕ್ಕೆ ಒಂದರ ಮೇಲೊಂದು ಮೂರು ಪದರ! ನೂರು ಜಿಬಿ! ನಿಮ್ಮ ಹಳೇ ಡಿಸ್ಕು ಇಪ್ಪತ್ತೊಂದು ಇದರೊಳಗೆ ಕೂತು ಕಾಲು ಚಾಚಬಹುದು!"

"ಮೆಲ್ಲಗೆ ಮಾತಾಡೋ ಮಹರಾಯ" ಎನ್ನುತ್ತ ಕತ್ತರಿ ಬಾಗಿಲು ಹಾಕಲು ಎದ್ದ. ತಡವಾಗಿತ್ತು. ಮೊದಲ ಮಹಡಿಯ ಲೆಕ್ಕದ ಮೇಷ್ಟ್ರು ಮೆಟ್ಟಿಲ ಮೇಲೆ ಮೈಯೆಲ್ಲ ಕಿವಿಯಾಗಿ ನಿಂತಿದ್ದರು. ಅವರ ಮೂವತ್ತು ನಿಮಿಷದ ಭಾಷಣ ಹೋದ ವರ್ಷದ ಡಿಸ್ಕಿನಲ್ಲಿ ಬರೀ ಒಂದು ನಮಸ್ಕಾರವಾಗಿ ಉಳಿದಿತ್ತು.

"ಇಪ್ಪತ್ತೊಂದು ಅಂದ್ಯಾ? ಸಮಾರಂಭ ನಡೆದಿದ್ದು ಮೂರು ಗಂಟೆ, ಕ್ಯಾಮರಾ ಎರಡು. ಎಲ್ಲಾ ಸೇರಿ ಆರೇ ಗಂಟೆ. ಏನಪ್ಪಾ ಕತ್ತರಿ, ಇನ್ನು ನಂದು ತುಂಬಿಹೋಗೋ ಭಯ ಇಲ್ಲ, ಅಲ್ವಾ?"

"ಅಯ್ಯೋ, ಎಲ್ಲಾದ್ರೂ ಉಂಟಾ ಮೇಷ್ಟ್ರೇ! ಪೂರ್ತಿ ಹಾಕ್ತೀನಿ. ಸಂಜೆ ಕೈ ಎತ್ತೋದು ಮಾತ್ರ ಮರೀಬೇಡಿ."

"ನೋಡೋಣ, ನೋಡೋಣ" ಎಂದು ಮೇಷ್ಟ್ರು ಮೆಟ್ಟಿಲು ಹತ್ತಿದರು. ಅವರು ಮೇಲೆ ಹೋದದ್ದು ಮೂರು ನಿಮಿಷ. ನಾಲ್ಕನೇ ನಿಮಿಷಕ್ಕೆ ಸುದ್ದಿ ಆರೂ ಮನೆ ಮುಟ್ಟಿತ್ತು.

ಮೊದಲು ಇಳಿದು ಬಂದವರು ಎರಡನೇ ಮಹಡಿಯ ಗಾಯಕಿ. "ಅಲ್ಲಪ್ಪ, ಏಳು ಚರಣದಲ್ಲಿ ಒಂದು ಚರಣ ಹಾಕೋದು ನಿನ್ನ ಪದ್ಧತಿ. ಈ ಸಲ ಏಳೂ ಇರ್ಲಿ. ಮನೇಲಿ ಅಭ್ಯಾಸ ಮಾಡಿದ್ದು ಇಪ್ಪತ್ತು ನಿಮಿಷ ಫೋನಲ್ಲಿದೆ, ಅದನ್ನೂ ಸೇರಿಸು. ಸಮಾರಂಭದ ದಿನ ಗಂಟಲು ಕಟ್ಟಿತ್ತು."

"ಆಗ್ಲಿ ಅಕ್ಕ."

ಆಮೇಲೆ ನಿವೃತ್ತ ಇನ್ಸ್‌ಪೆಕ್ಟರು ಬೂಟು ಟಕಟಕ ಎನಿಸುತ್ತ ಬಂದರು. ಸಮಾರಂಭದಲ್ಲಿ ಅವರು ಕಳ್ಳನನ್ನು ಓಡಿಸಿಕೊಂಡು ಹೋಗಿ ಹಿಡಿದ ಕತೆ ಹೇಳಿದ್ದರು. ಆದರೆ ಆವತ್ತು ಆತುರದಲ್ಲಿ ಕಳ್ಳ ಗೋಡೆ ಹಾರಿದ್ದನ್ನು ಹೇಳುವುದು ಬಿಟ್ಟುಹೋಗಿತ್ತಂತೆ. "ಕ್ಯಾಮರಾ ಆನ್ ಮಾಡು. ಜಾಗ ಬೇಕಾದಷ್ಟಿದೆಯಂತಲ್ಲ." ಇಪ್ಪತ್ತು ನಿಮಿಷ ಗೋಡೆಯೇ ನಡೆಯಿತು. ಕತ್ತರಿ ಮುಗುಳ್ನಗುತ್ತಲೇ ನಿಂತಿದ್ದ. ದವಡೆ ನೋಯತೊಡಗಿತು.

ಹಲ್ಲಿನ ಡಾಕ್ಟರು ಮಗಳ ಕುಣಿತ ಒಂದು ಹೆಜ್ಜೆಯೂ ಬಿಡಬಾರದು ಎಂದರು. ಕೊನೇ ಮಹಡಿಯಲ್ಲಿ ಬಟ್ಟೆ ಹೊಲಿಯುವ ಅಕ್ಕ, ವೇದಿಕೆಯ ಪರದೆ ಹೊಲಿದದ್ದು ತಾನು, ಪರದೆಯನ್ನು ಒಂದೈದು ನಿಮಿಷವಾದರೂ ತೋರಿಸಬೇಕು ಎಂದರು. ಕೊನೆಗೆ ಕಾರ್ಯದರ್ಶಿಗಳೇ ಬಂದು, "ನಂದು ವರದಿ ಓದಿದ್ದು ಪೂರ್ತಿ ಇರ್ಲಿ. ಕೋಣೆ ವಿಷಯ ಬೇರೆ, ವರದಿ ವಿಷಯ ಬೇರೆ" ಎಂದು ಹಲ್ಲು ಕಿರಿದು ಹೋದರು.

ಗಂಟೆ ಒಂದಾಯಿತು. ಕತ್ತರಿ ತಲೆ ಮೇಲೆ ಕೈ ಹೊತ್ತು ಕೂತ. "ಇಷ್ಟನ್ನೂ ನೋಡಿ ಜೋಡಿಸೋದು ಯಾವಾಗ್ಲೋ?"

"ನೋಡೋದ್ಯಾಕೆ ಭಾವ?" ಭಾಮೈದ ನಕ್ಕ. "ಕತ್ತರಿಸೋ ಕಾಲ ಹೋಯ್ತು. ಎರಡೂ ಕ್ಯಾಮರಾದ್ದು ಹಾಗೇ ಸುರಿದುಬಿಡಿ. ಯಾರದ್ದೂ ಬಿಟ್ಟುಹೋಗಲ್ಲ, ಯಾರಿಗೂ ಬೇಜಾರಿಲ್ಲ."

ಆ ಮಾತು ಕೇಳಿ ಕತ್ತರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಎರಡೂ ಕ್ಯಾಮರಾದ್ದನ್ನು, ಬೆಳಿಗ್ಗೆ ಬಂದದ್ದನ್ನೂ ಸೇರಿಸಿ, ಕಣ್ಣು ಮುಚ್ಚಿಕೊಂಡು ಸುರಿದ. ಒಂದು ಕ್ಯಾಮರಾ ವೇದಿಕೆಯ ಮುಂದಿತ್ತು. ಇನ್ನೊಂದನ್ನು ಊಟದ ಮೇಜುಗಳ ಪಕ್ಕ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆನ್ ಮಾಡಿ, ಮರೆತುಬಿಟ್ಟಿದ್ದ. ಪ್ರತಿ ಸಲ ಹಾಗೆಯೇ ಮಾಡುತ್ತಿದ್ದ. ಅದರಲ್ಲಿ ಐದು ನಿಮಿಷ ಆರಿಸಿಕೊಂಡು ಉಳಿದದ್ದನ್ನು ಅಳಿಸುವುದು ರೂಢಿ.

ಮೂರಕ್ಕೆ ಹಜಾರ ತುಂಬಿತು. ರಿಮೋಟು ಕೈಯಿಂದ ಕೈಗೆ ಹೋಯಿತು. ಎಲ್ಲರೂ ತಮ್ಮ ತಮ್ಮ ಭಾಗಕ್ಕೆ ಹಾರಿ, ನೋಡಿ, ಹಿಗ್ಗಿ ಹೀರೇಕಾಯಿಯಾದರು. ಮೇಷ್ಟ್ರು ಕತ್ತರಿಯ ಬೆನ್ನು ತಟ್ಟಿದರು. ಗಾಯಕಿ ಕಣ್ಣೊರೆಸಿಕೊಂಡರು. ಕತ್ತರಿ ಮನಸ್ಸಿನಲ್ಲೇ ಕೈಗಳನ್ನು ಎಣಿಸಿದ. ಐದು ಖಂಡಿತ.

ಅಷ್ಟಕ್ಕೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು! ಇನ್ಸ್‌ಪೆಕ್ಟರಿಗೆ ಕುತೂಹಲ ಹುಟ್ಟಿತು. "ಆ ಊಟದ್ದೂ ಹಾಕ್ರಯ್ಯಾ. ಯಾರು ಹೇಗೆ ತಿಂದ್ರು ನೋಡೋಣ."

ಟೀವಿಯಲ್ಲಿ ಊಟದ ಮೇಜು ಬಂತು. ತಟ್ಟೆ ಹಿಡಿದ ಗಾಯಕಿ ಬಂದು ಪಕ್ಕದವರಿಗೆ ಹೇಳಿದರು: "ಮೇಷ್ಟ್ರ ಭಾಷಣ ಮುಗೀತಾ? ಇಲ್ಲ ಅಂದ್ರೆ ಇನ್ನೊಂದು ಸಲ ಊಟಕ್ಕೆ ಕೂರ್ತೀನಿ."

ಹಜಾರದಲ್ಲಿ ನಗು ಎದ್ದಿತು. ಮೇಷ್ಟ್ರೊಬ್ಬರು ನಗಲಿಲ್ಲ. ಅಷ್ಟರಲ್ಲಿ ಟೀವಿಯ ಮೇಷ್ಟ್ರು ಡಾಕ್ಟರಿಗೆ ಹೇಳುತ್ತಿದ್ದರು: "ಈಯಮ್ಮ ಹಾಡೋಕೆ ಬಾಯಿ ತೆರೆದ ತಕ್ಷಣ ನಾನು ಕಿವಿ ಮಿಷನ್ನು ಆಫ್ ಮಾಡ್ತೀನಿ. ಕಿವುಡು ಬಂದಿದ್ದು ನನ್ನ ಪುಣ್ಯ." ಡಾಕ್ಟರು, "ಹೊಲಿಗೆಯವರ ಪರದೆ ನೋಡಿದ್ರಾ? ಒಂದು ಕಡೆ ಗಿಡ್ಡ" ಎಂದರು. ಹೊಲಿಗೆಯ ಅಕ್ಕ ಇನ್ನೊಂದು ಮೂಲೆಯಲ್ಲಿ, "ಡಾಕ್ಟರ ಮಗಳು ಕುಣಿದದ್ದೋ, ಇರುವೆ ಕಚ್ಚಿತ್ತೋ?" ಎಂದರು. ಕಳ್ಳರನ್ನು ಹಿಡಿದ ಇನ್ಸ್‌ಪೆಕ್ಟರು ಆ ಕಡೆ ಈ ಕಡೆ ನೋಡಿ ಏಳು ಸಿಹಿ ಉಂಡೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ಪ್ಯಾಂಟಿನ ಜೇಬಿಗೆ ಇಳಿಸಿದರು. ಕೊನೆಗೆ ಕಾರ್ಯದರ್ಶಿಗಳು ಷಡ್ಡಕನ ಹೆಗಲ ಮೇಲೆ ಕೈ ಹಾಕಿಕೊಂಡು ಬಂದರು. "ಕೋಣೆ ನಿಂದೇ ಅಂತ ಇಟ್ಕೋ. ಇವರೆಲ್ಲ ಕುರಿಗಳು. ನಾನು ಕೈ ಎತ್ತಿದ್ರೆ ಎತ್ತುತ್ತಾರೆ."

ಅಲ್ಲಿಂದ ಶುರುವಾಯಿತು ನೋಡಿ! ಯಾರು ಯಾರಿಗೆ ಬೈಯುತ್ತಿದ್ದಾರೆಂದು ಬೈಯುವವರಿಗೇ ತಿಳಿಯುತ್ತಿರಲಿಲ್ಲ. ಕತ್ತರಿ ಬಾಗಿಲ ಹತ್ತಿರ ಸರಿದು ಭಾಮೈದನ ಕಿವಿಯಲ್ಲಿ ಹಲ್ಲು ಕಚ್ಚಿ ಹೇಳಿದ: "ನೋಡ್ದೇನೋ? ಆ ಹಳೇ ಡಿಸ್ಕು ಒಂದು ದಿನಾನೂ ತುಂಬಿರ್ಲಿಲ್ಲ ಕಣೋ, ಅರ್ಧ ಖಾಲಿ ಇರ್ತಿತ್ತು. ಈ ಆರು ಜನರ ಕೊರೆತ, ಕರ್ಕಶ, ಬಡಾಯಿ ನನ್ನ ಕೈಲಿ ಆಗ್ದೆ ನಾನೇ ಕತ್ತರಿಸಿ ಎಸೀತಿದ್ದೆ. ಹನ್ನೊಂದು ವರ್ಷ ಮಂಕುಬೂದಿ ಎರಚಿದ್ದೆ. ಎಲ್ಲಾ ಹಾಳು ಮಾಡ್ದೆ ನೀನು!"

ಆದರೆ ಅದೃಷ್ಟ ಬೇರೆಯೇ ಕಡೆ ತಿರುಗಿತು. ಮೇಷ್ಟ್ರು ಅವನನ್ನು ಮೂಲೆಗೆ ಕರೆದು ಪಿಸುಗುಟ್ಟಿದರು. "ನನ್ನ ಕಿವಿ ಮಿಷನ್ ಮಾತು ತೆಗೆದುಹಾಕು, ಕೈ ಎತ್ತುತ್ತೀನಿ. ಬೇರೆಯವರದ್ದು ಹಾಗೇ ಇರ್ಲಿ. ಅವರ ಯೋಗ್ಯತೆ ಗೊತ್ತಾಗಬೇಕು." ಗಾಯಕಿಯೂ ಅದನ್ನೇ ಹೇಳಿದರು. ಇನ್ಸ್‌ಪೆಕ್ಟರು, ಡಾಕ್ಟರು, ಹೊಲಿಗೆಯ ಅಕ್ಕ, ಎಲ್ಲರದ್ದೂ ಅದೇ ಮಾತು. ಕಾರ್ಯದರ್ಶಿಗಳು ಕೈ ಹಿಡಿದುಕೊಂಡೇ, "ಷಡ್ಡಕ ಹಾಳಾಗಿಹೋಗ್ಲಿ, ಕೋಣೆ ನಿನಗೇ. ಆ ಕುರಿ ಮಾತೊಂದು ತೆಗಿ" ಎಂದರು. ಕತ್ತರಿ ಆರು ಜನರಿಗೂ ಹೂಂ ಅಂದ. ಆರಕ್ಕೆ ಆರು ಕೈ! ಕೇಕಿನಂಗಡಿ ಗೋತಾ ಹೊಡೆಯಿತು ಎಂದು ಒಳಗೊಳಗೇ ಕುಣಿದ.

"ಹಾಗಾದ್ರೆ ಕೋಣೆ ವಿಷಯ ತಗೊಳೋಣ" ಎಂದರು ಕಾರ್ಯದರ್ಶಿಗಳು.

"ಕೈ ಎತ್ತೋಕೆ ಮುಂಚೆ ನನ್ನ ಡಿಸ್ಕು ಕೈಗೆ ಬರ್ಲಿ" ಎಂದರು ಗಾಯಕಿ. "ನಂದು ತೆಗೆದು, ಮಿಕ್ಕವರದ್ದು ಇಟ್ಟು ಕೊಡ್ತೀನಿ ಅಂದಿದ್ದಾನೆ."

"ನಿಮಗೂ ಅಂದಿದ್ದಾನಾ?" ಇನ್ಸ್‌ಪೆಕ್ಟರು ಎದ್ದು ನಿಂತರು. ಎರಡು ನಿಮಿಷದಲ್ಲಿ ಆರೂ ಮಾತು ಬಯಲಾದವು.

ಮೇಷ್ಟ್ರು ಆಗಲೇ ಬೆರಳು ಮಡಿಸುತ್ತಿದ್ದರು. "ಇದರಲ್ಲೇನು ತೊಂದರೆ? ಇವತ್ತು ಸೇರಿಸಿದ್ದೂ ಕೂಡಿ ಚಿತ್ರ ಆರು ಗಂಟೆ ನಲವತ್ತು ನಿಮಿಷ. ಆರು ಮನೆಗೆ ಆರು ಥರ ಮಾಡ್ಲಿ. ನಲವತ್ತು ಗಂಟೆ. ಡಿಸ್ಕು ಹಿಡಿಯೋದು ನಲವತ್ತೆರಡು. ಆರೂ ಒಂದರಲ್ಲೇ ಕೂರುತ್ತೆ. ಎಲ್ಲರೂ ಒಟ್ಟಿಗೆ ಕೂತು ಆರನ್ನೂ ನೋಡಿ, ಆಮೇಲೆ ಕೈ ಎತ್ತೋಣ."

ಆರನ್ನೂ ನೋಡಿದರೆ ಒಬ್ಬರದ್ದೂ ಮುಚ್ಚಿದಂತಾಗುವುದಿಲ್ಲ ಎಂದು ಬಾಯಿ ಬಿಡಲು ಕತ್ತರಿಗೆ ಧೈರ್ಯ ಬರಲಿಲ್ಲ. ಮಂಚದ ಕೆಳಗಿನ ಜಾಗ ಕಣ್ಣ ಮುಂದೆ ಬಂತು. ಎಲ್ಲರೂ ತಲೆ ಅಲ್ಲಾಡಿಸಿದರು.

"ಮೇಷ್ಟ್ರೇ, ಇನ್ನೂ ಎರಡು ಗಂಟೆ ಖಾಲಿ ಉಳಿಯುತ್ತಲ್ಲ" ಎಂದರು ಡಾಕ್ಟರು. "ಸುಮ್ನೆ ಯಾಕೆ ಹಾಳು ಮಾಡೋದು?"

"ಅದಕ್ಕೂ ಇದೆ ಸಾರ್!" ಭಾಮೈದ ಅಂಗಿಯ ಜೇಬಿನಿಂದ ಫೋನು ಹೊರತೆಗೆದ. ಮುಖ ಹೆಮ್ಮೆಯಿಂದ ಅರಳಿತ್ತು. "ಹೊಸ ಡಿಸ್ಕು ನೋಡಿ ಜನ ಖುಷಿಪಟ್ಟಿದ್ದನ್ನ ನಮ್ಮ ಅಂಗಡಿ ಜಾಹೀರಾತಿಗೆ ಅಂತ ಮೂರು ಗಂಟೆಯಿಂದ ರೆಕಾರ್ಡ್ ಮಾಡ್ತಾನೇ ಇದ್ದೀನಿ. ಚಿತ್ರ ಅಷ್ಟಕ್ಕಷ್ಟೇ, ಧ್ವನಿ ಮಾತ್ರ ಸೊಗಸಾಗಿ ಬಂದಿದೆ. ಭಾವಾ, ಬಾಗಿಲ ಹತ್ರ ನನ್ನ ಕಿವೀಲಿ ಹೇಳಿದ್ರಲ್ಲ, ಅದಂತೂ ಒಂದೊಂದು ಅಕ್ಷರಾನೂ ಸ್ಪಷ್ಟ! ಹಾಕ್ಲಾ?"

ಕತ್ತರಿ ಟೀವಿಯ ವೈರು ಕೀಳಲು ಕೈ ಹಾಕುವಷ್ಟರಲ್ಲಿ ಇನ್ಸ್‌ಪೆಕ್ಟರು ಅವನ ರಟ್ಟೆ ಹಿಡಿದು ಕೂರಿಸಿದರು. ಉಳಿದ ಐವರೂ ಕುರ್ಚಿಗಳನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡರು.